ತನ್ನ ದನಿಗೇ ಕಿವುಡಾದ ಹಡಗು

ಕಾರವಾರದ ಕಾಲೇಜೊಂದರಲ್ಲಿ ಮೊನ್ನೆ ಮಾಡಿದ ಉಪನ್ಯಾಸ ಇದು. ಆಡಿದ ಮಾತನ್ನೇ ಬರೆದಿದ್ದೇನೆ. ಸಭೆಯಲ್ಲಿ ಕೈಯಲ್ಲಿ ಹಿಡಿದು ತೋರಿಸಿದ್ದನ್ನು ಇಲ್ಲಿ ಬಾಯಲ್ಲಿ ಹೇಳಬೇಕಲ್ಲ, ಹಾಗಾಗಿ ಅಲ್ಲಲ್ಲಿ ಸ್ವಲ್ಪ ಉದ್ದವಾಗಿದೆ. ಕೊನೆಯ ಪ್ರಶ್ನೆಗಳಲ್ಲಿ ಮೂರನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ನಮಸ್ಕಾರ.

ಈಗ ಸ್ಪೀಕರಿನಲ್ಲಿ ಟಿಟಿಕ್ ಟಿಟಿಕ್ ಟಿಟಿಕ್ ಅಂತ ಬಂತಲ್ಲ, ಕೇಳಿದಿರಾ? ಮೈಕಿನವರು ಪಾಪ, ವೈರು ಮುಟ್ಟಿ ಮುಟ್ಟಿ ನೋಡುತ್ತಿದ್ದಾರೆ. ವೈರಿನದೇನೂ ತಪ್ಪಿಲ್ಲ. ಮುಂದಿನ ಸಾಲಿನಲ್ಲಿ, ಆಂಪ್ಲಿಫೈಯರ್ ಪಕ್ಕ ಕೂತ ಯಾರದೋ ಕಿಸೆಯಲ್ಲಿ ಹಳೇ ಕೀಪ್ಯಾಡ್ ಫೋನ್ ಇದೆ. ಅದಕ್ಕೆ ಇನ್ನೇನು ಕಾಲ್ ಬರುತ್ತದೆ ನೋಡಿ.

(ಬಂತು. ಇಡೀ ಸಭೆ ನಕ್ಕಿತು. ಬಿಳಿ ಅಂಗಿಯ ಹಿರಿಯರೊಬ್ಬರು ಎದ್ದು ಫೋನ್ ಆಫ್ ಮಾಡಲು ಹೊರಟರು. ನಾನೇ ಬೇಡ ಅಂದೆ.)

ಮಂತ್ರ ಏನಿಲ್ಲ. 2ಜಿ ಫೋನು ಒಂದೇ ಸಮನೆ ಮಾತಾಡುವುದಿಲ್ಲ. ಒಂದು ಚಾನೆಲನ್ನು ಎಂಟು ಫೋನುಗಳು ಸರದಿಯಲ್ಲಿ ಹಂಚಿಕೊಳ್ಳಬೇಕು. ಹಾಗಾಗಿ ಸೆಕೆಂಡಿಗೆ ಸುಮಾರು 217 ಸಲ ಚಿಕ್ಕ ಚಿಕ್ಕ ತುಣುಕಾಗಿ ರೇಡಿಯೊ ಅಲೆ ಕಳಿಸುತ್ತದೆ. ಆ ಅಲೆ 900 ಮೆಗಾಹರ್ಟ್ಸಿನದು, ನಮ್ಮ ಕಿವಿಗೆ ಗೊತ್ತೇ ಆಗುವುದಿಲ್ಲ. ಆದರೆ 217 ಸಲದ ಆ ಬಡಿತ ಕಿವಿಗೆ ಕೇಳುವಂಥದ್ದು. ಮೈಕಿನ ವೈರು ಆಂಟೆನಾ ಆಗುತ್ತದೆ, ಒಳಗಿನ ಟ್ರಾನ್ಸಿಸ್ಟರು ಬಡಿತವನ್ನಷ್ಟೇ ಹೆಕ್ಕಿ ಸ್ಪೀಕರಿಗೆ ಕೊಡುತ್ತದೆ. ರಿಂಗ್ ಆಗುವ ಮೊದಲೇ ಫೋನು ಟವರಿಗೆ ‘ನಾನಿದ್ದೇನೆ’ ಅಂತ ಉತ್ತರ ಕೊಡಬೇಕಲ್ಲ, ಅದು ನಿಮಗೆ ಕೇಳಿದ್ದು.

ಆಂಪ್ಲಿಫೈಯರ್ ರೇಡಿಯೊ ಅಲ್ಲ. ರೇಡಿಯೊ ಆಗು ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ. ಆದರೂ ಕೇಳಿಸಿಕೊಂಡಿತು. ಇವತ್ತಿನ ವಿಷಯ ಇಷ್ಟೇ. ಆಹ್ವಾನ ಪತ್ರಿಕೆಯಲ್ಲಿ ‘ವಿದ್ಯುತ್ಕಾಂತೀಯ ಪರಿಸರ’ ಅಂತ ದೊಡ್ಡ ಹೆಸರು ಹಾಕಿದ್ದಾರೆ. ಹೆದರಬೇಡಿ.

ಭಾನುವಾರ ಕಾರವಾರದ ಸಂತೆಗೆ ಹೋಗಿ ನಿಂತುಕೊಳ್ಳಿ. ಮೆಣಸಿನಕಾಯಿ ಮಾರುವವಳು ಕೂಗುತ್ತಾಳೆ, ಬಾಳೆಹಣ್ಣಿನವನು ಕೂಗುತ್ತಾನೆ, ಹಿಂದೆ ಬಸ್ಸಿನ ಹಾರ್ನು. ಈ ಎಲ್ಲದರ ನಡುವೆ ನಿಮ್ಮ ಮಗು ಎಲ್ಲೋ ‘ಅಮ್ಮಾ’ ಅಂದದ್ದು ನಿಮಗೆ ಕೇಳಬೇಕು. ಒಂದು ಉಪಕರಣದ ಸುತ್ತ ಇರುವ ರೇಡಿಯೊ ಅಲೆ, ಮಿಂಚಿನ ಹೊಡೆತ, ಮೋಟರಿನ ಕಿಡಿ, ಬೇಕಾದದ್ದು ಬೇಡವಾದದ್ದು ಎಲ್ಲ ಸೇರಿದ ಸಂತೆಯೇ ಅದರ ವಿದ್ಯುತ್ಕಾಂತೀಯ ಪರಿಸರ.

ಈ ಸಂತೆಯಲ್ಲಿ ಯಾರ ದನಿ ಎಷ್ಟು ಅಂತ ಸ್ವಲ್ಪ ನೋಡೋಣ. ಬೈತಖೋಲ ಬಂದರಿನ ಬೋಟುಗಳ ವೈರ್‌ಲೆಸ್ ಸೆಟ್ಟು ಚಾನೆಲ್ 16ರಲ್ಲಿ, ಅಂದರೆ 156.8 ಮೆಗಾಹರ್ಟ್ಸಿನಲ್ಲಿ, ಹೆಚ್ಚೆಂದರೆ 25 ವ್ಯಾಟಿನಲ್ಲಿ ಕೂಗುತ್ತದೆ. ನಿಮ್ಮ 4ಜಿ ಫೋನಿನದು ಕಾಲು ವ್ಯಾಟಿಗೂ ಕಡಿಮೆ. ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಸಿನಲ್ಲಿ 200 ಕಿಲೋವ್ಯಾಟಿನ ಗಂಟಲು. ಇನ್ನು ಜಿಪಿಎಸ್. ಆ ಉಪಗ್ರಹ ಸುಮಾರು 20,200 ಕಿಲೋಮೀಟರ್ ಮೇಲಿದೆ. ಅಲ್ಲಿಂದ ನಿಮ್ಮ ಫೋನಿಗೆ ಬಂದು ಮುಟ್ಟುವುದು ಎಷ್ಟು ಗೊತ್ತಾ? ಒಂದು ವ್ಯಾಟನ್ನು ಕೋಟಿ ಪಾಲು ಮಾಡಿ. ಅದರಲ್ಲಿ ಒಂದು ಪಾಲು ತೆಗೆದು ಮತ್ತೆ ಕೋಟಿ ಪಾಲು ಮಾಡಿ. ಅದರಲ್ಲೂ ಒಂದನ್ನು ನೂರು ಮಾಡಿ. ಹೆಚ್ಚುಕಡಿಮೆ ಅಷ್ಟು. ಸಂತೆಯಲ್ಲಿ ಯಾರೋ ಉಸಿರಾಡಿದ ಹಾಗೆ. ಆ ಉಸಿರು ಹಿಡಿದುಕೊಂಡೇ ಬೋಟು ರಾತ್ರಿ ಬಂದರಿಗೆ ಮರಳುತ್ತದೆ.

ಇಷ್ಟು ಸಣ್ಣ ದನಿ ಅಂದಮೇಲೆ ಮುಚ್ಚಿಹಾಕುವುದೂ ಸುಲಭ. ಅಮೆರಿಕದ ನ್ಯೂಆರ್ಕ್ ವಿಮಾನ ನಿಲ್ದಾಣದಲ್ಲಿ ಜಿಪಿಎಸ್ ಆಧರಿಸಿದ ಹೊಸ ಇಳಿಯುವ ವ್ಯವಸ್ಥೆಯೊಂದು ಆಗಾಗ ಸುಮ್ನೆ ತಪ್ಪುತ್ತಿತ್ತು. ಹುಡುಕಿದರೆ ಪಿಕಪ್ ಟ್ರಕ್ಕಿನ ಡ್ರೈವರ್ ಒಬ್ಬ ಸಿಕ್ಕ. ತಾನು ಎಲ್ಲಿದ್ದೇನೆ ಅಂತ ಮಾಲೀಕನಿಗೆ ತಿಳಿಯಬಾರದು ಅಂತ ಸಿಗರೇಟ್ ಲೈಟರಿಗೆ ಸಿಕ್ಕಿಸುವ ಪುಟ್ಟ ಜ್ಯಾಮರ್, ಅಂದರೆ ಸಿಗ್ನಲ್ ಮುಚ್ಚಿಹಾಕುವ ಯಂತ್ರ, ಹಾಕಿಕೊಂಡಿದ್ದ. 2013ರಲ್ಲಿ ಅವನಿಗೆ ಸುಮಾರು 32 ಸಾವಿರ ಡಾಲರ್ ದಂಡ ಬಿತ್ತು. ವಿಮಾನ ನಿಲ್ದಾಣದ ಮೇಲೆ ಅವನಿಗೆ ದ್ವೇಷ ಏನಿರಲಿಲ್ಲ. ಅವನಿಗೆ ಬೇಕಾದದ್ದು ಮಾಲೀಕನ ಕಣ್ಣು ತಪ್ಪಿಸುವುದು, ಅಷ್ಟೇ.

ಈಗ ಹಡಗಿಗೆ ಬರುತ್ತೇನೆ. ಕಾರವಾರದಲ್ಲಿ ನಿಂತು ಹಡಗಿನ ಮಾತಾಡದೆ ಇರಲಾಗುತ್ತದಾ? ಇಲ್ಲಿನ ನೌಕಾನೆಲೆ ಐಎನ್‌ಎಸ್ ಕದಂಬ 2005ರಲ್ಲಿ ಶುರುವಾಯಿತು. ಟಾಗೋರ್ ಕಡಲತೀರದ ಚಾಪಲ್ ಯುದ್ಧನೌಕೆಯ ಮ್ಯೂಸಿಯಂ ನೀವೆಲ್ಲ ನೋಡಿದವರೇ. ಅಲ್ಲಿ ಎಲ್ಲರೂ ಕ್ಷಿಪಣಿಯ ಡಬ್ಬಿ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮುಂದಿನ ಸಲ ಹೋದಾಗ ತಲೆ ಎತ್ತಿ ಮಾಸ್ಟ್, ಅಂದರೆ ಪಟಸ್ತಂಭ ನೋಡಿ. ಒಂದು ಯುದ್ಧನೌಕೆಯ ಎಲ್ಲ ಕಣ್ಣು, ಎಲ್ಲ ಕಿವಿ, ಎಲ್ಲ ಬಾಯಿ ಅಷ್ಟೇ ಜಾಗದಲ್ಲಿ. ದೂರದ ವಿಮಾನ ನೋಡುವ ರಡಾರ್, ದಾರಿ ನೋಡುವ ರಡಾರ್, ಗುರಿ ಹಿಡಿಯುವ ರಡಾರ್, ದೂರದ ಮಾತಿಗೆ ಎಚ್‌ಎಫ್ ರೇಡಿಯೊ, ಹತ್ತಿರದ ಮಾತಿಗೆ ವಿಎಚ್‌ಎಫ್ ರೇಡಿಯೊ, ಉಪಗ್ರಹಕ್ಕೊಂದು ತಟ್ಟೆ. ಇದರ ಜೊತೆಗೆ ಶತ್ರುವಿನ ರಡಾರು ತಮ್ಮನ್ನು ನೋಡುತ್ತಿದೆಯಾ ಅಂತ ಕಿವಿಗೊಟ್ಟು ಕೂರುವ ಒಂದು ರಿಸೀವರ್.

ಯಕ್ಷಗಾನದಲ್ಲಿ ಚಂಡೆಯ ಪಕ್ಕ ಕೂತವನ ಪಾಡು ನಿಮಗೆ ಗೊತ್ತಲ್ಲ. ಭಾಗವತರು ಎಷ್ಟೇ ಚೆನ್ನಾಗಿ ಹಾಡಲಿ, ಆ ಕಿವಿಗೆ ಚಂಡೆ ಮಾತ್ರ. ಹಡಗಿನಲ್ಲಿ ಚಂಡೆ ಬಡಿಯುವವನೂ ನೀವೇ, ಪದ ಕೇಳಬೇಕಾದವನೂ ನೀವೇ.

1982ರ ಮೇ 4. ಫಾಕ್ಲೆಂಡ್ ದ್ವೀಪಗಳಿಗಾಗಿ ಬ್ರಿಟನ್ನಿಗೂ ಅರ್ಜೆಂಟೀನಾಕ್ಕೂ ಯುದ್ಧ. ಎಚ್‌ಎಂಎಸ್ ಶೆಫೀಲ್ಡ್ ಅನ್ನುವ ಬ್ರಿಟಿಷ್ ಹಡಗು ಕಾವಲಿಗೆ ನಿಂತಿದೆ. ಆ ಹೊತ್ತಿಗೆ ಅದು ಉಪಗ್ರಹದ ಮೂಲಕ ಸಂದೇಶ ಕಳಿಸುತ್ತಿತ್ತು. ಆ ಟ್ರಾನ್ಸ್‌ಮಿಟರ್ ಕೆಲಸ ಮಾಡುವಾಗ ಶತ್ರು ರಡಾರಿಗೆ ಕಿವಿಗೊಡುವ ರಿಸೀವರಿಗೆ ಏನೂ ಕೇಳುತ್ತಿರಲಿಲ್ಲ. ತನ್ನದೇ ದನಿ ತನ್ನ ಕಿವಿ ತುಂಬಿತ್ತು. ಅದೇ ಹೊತ್ತಿಗೆ ಎರಡು ಅರ್ಜೆಂಟೀನಾ ವಿಮಾನಗಳು ನೀರಿನ ಮಟ್ಟಕ್ಕೆ ಹಾರಿ ಬಂದು, ಒಂದು ಸಲ ಮೇಲೆದ್ದು ರಡಾರ್ ಆನ್ ಮಾಡಿ ನೋಡಿ, ಎಕ್ಸೊಸೆಟ್ ಕ್ಷಿಪಣಿ ಬಿಟ್ಟವು. ಪಕ್ಕದ ಕಾವಲಿನ ಗ್ಲಾಸ್ಗೋ ಅನ್ನುವ ಹಡಗಿಗೆ ಆ ರಡಾರಿನ ದನಿ ಕೇಳಿತು, ಅದು ಎಚ್ಚರಿಕೆ ಕೂಡ ಕೊಟ್ಟಿತು. ಶೆಫೀಲ್ಡಿನ ಕಿವಿಗೆ ಆ ರಡಾರಿನ ದನಿ ಬೀಳಲಿಲ್ಲ. 20 ಜನ ಸತ್ತರು. ಬೆಂಕಿ ಹತ್ತಿದ ಹಡಗನ್ನು ಎಳೆದುಕೊಂಡು ಹೋಗುವಾಗ ಮೇ 10ರಂದು ಅದು ಮುಳುಗಿತು.

ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಜನ ತಮ್ಮ ಜಾಗದಲ್ಲಿ ಇರಲಿಲ್ಲ, ಎಚ್ಚರಿಕೆ ಬಂದರೂ ನಂಬಲಿಲ್ಲ, ಹೀಗೆ ತಪ್ಪುಗಳ ಸರಮಾಲೆಯೇ ವಿಚಾರಣೆಯಲ್ಲಿ ಹೊರಬಂತು. ಆದರೆ ನಮ್ಮ ಕಸುಬಿನವರಿಗೆ ನಿದ್ದೆಗೆಡಿಸುವುದು ಕಿವುಡಾದ ಆ ಕೆಲವು ನಿಮಿಷ.

ಇದಕ್ಕೆ ಮದ್ದು ಇದೆ. ರಡಾರು ಒಂದು ಬಡಿತ ಕಳಿಸುವ ಕ್ಷಣಕ್ಕೆ ಮಾತ್ರ ಉಳಿದ ರಿಸೀವರುಗಳು ಕಿವಿ ಮುಚ್ಚಿಕೊಳ್ಳುವ ಹಾಗೆ ತಂತಿ ಎಳೆಯುತ್ತಾರೆ. ಚಂಡೆಯವನಿಗೆ ಎಲ್ಲಿ ಬಿಡಬೇಕು ಅಂತ ಗೊತ್ತಿದ್ದರೆ ಪದ ಕೇಳುತ್ತದೆ, ಅಲ್ವಾ? ಹಾಗೆ. ಯಾವ ಆಂಟೆನಾದ ಪಕ್ಕ ಯಾವುದು ಇರಬಾರದು ಅಂತ ಹಡಗು ಕಟ್ಟುವ ಮೊದಲೇ ಲೆಕ್ಕ ಹಾಕುತ್ತಾರೆ. ಉಪಕರಣ ಎಷ್ಟು ಗದ್ದಲ ತಡೆಯಬೇಕು ಅಂತಲೂ ಅಳತೆ ಇದೆ. ಮನೆಯಲ್ಲಿಡುವ ಸಾಮಾನಿಗೆ ಮೀಟರಿಗೆ 3 ವೋಲ್ಟಿನ ರೇಡಿಯೊ ಕ್ಷೇತ್ರ ತಡೆದರೆ ಸಾಕು. ಯುದ್ಧನೌಕೆಯ ಡೆಕ್ಕಿನ ಮೇಲೆ ಕೂರುವ ಸಾಮಾನಿಗೆ ಅಮೆರಿಕದ ಮಿಲಿಟರಿ ಮಾನದಂಡ ಕೇಳುವುದು 200 ವೋಲ್ಟ್. ನಿಮ್ಮ ಮನೆಯ ಟಿವಿಯನ್ನು ಅಲ್ಲಿಟ್ಟರೆ ಅದು ತಾಳಮದ್ದಳೆ ಶುರು ಮಾಡುತ್ತದೆ.

ಇನ್ನೊಂದು ಕತೆ ಈ ವಿಷಯದ ಪಾಠಗಳಲ್ಲೆಲ್ಲ ಬರುತ್ತದೆ, ಅದರ ಬಗ್ಗೆ ನನ್ನದೊಂದು ತಕರಾರಿದೆ. 1967ರ ಜುಲೈ 29ರಂದು ಅಮೆರಿಕದ ಫಾರೆಸ್ಟಲ್ ವಿಮಾನವಾಹಕ ಹಡಗಿನಲ್ಲಿ ನಿಂತಿದ್ದ ವಿಮಾನದಿಂದ ಒಂದು ರಾಕೆಟ್ ತಾನಾಗಿ ಹಾರಿತು. ಬೆಂಕಿಗೆ 134 ಜನ ಬಲಿಯಾದರು. ರಡಾರಿನ ಅಲೆ ಕೇಬಲ್ ಒಳಗೆ ನುಗ್ಗಿ ರಾಕೆಟ್ಟನ್ನು ಹಾರಿಸಿತು ಅಂತ ಪಾಠ ಹೇಳುವವರು ಹೇಳುತ್ತಾರೆ. ತನಿಖೆ ಹೇಳಿದ್ದು ಬೇರೆ. ವಿಮಾನವನ್ನು ಹೊರಗಿನ ವಿದ್ಯುತ್ತಿನಿಂದ ಒಳಗಿನದಕ್ಕೆ ಬದಲಿಸುವಾಗ ಎದ್ದ ಸರ್ಜ್, ಅಂದರೆ ವಿದ್ಯುತ್ತಿನ ದಿಢೀರ್ ಏರಿಕೆ, ಜೊತೆಗೆ ಮೊದಲೇ ತೆಗೆದಿಟ್ಟಿದ್ದ ಸುರಕ್ಷತಾ ಪಿನ್ನು. ರಡಾರ್ ಕತೆ ಹೇಳಲು ಚೆನ್ನಾಗಿದೆ, ಅದಕ್ಕೇ ಉಳಿದುಕೊಂಡಿದೆ. ಹಾಗಂತ ಆ ಹೆದರಿಕೆ ಸುಳ್ಳಲ್ಲ. ಕಲ್ಲು ಒಡೆಯುವಲ್ಲಿ ‘ವೈರ್‌ಲೆಸ್ ಬಳಸಬೇಡಿ’ ಅಂತ ಬೋರ್ಡು ಹಾಕುವುದು ಸುಮ್ನೆ ಅಲ್ಲ. ಸಿಡಿಮದ್ದು ಹೊತ್ತಿಸುವ ವಿದ್ಯುತ್ ಡಿಟೊನೇಟರಿನ ಎರಡು ಉದ್ದ ವೈರು ಒಳ್ಳೆಯ ಆಂಟೆನಾ.

ಈಗ ನಮ್ಮ ಕರಾವಳಿಯದೇ ಒಂದು ತೊಂದರೆ ಹೇಳುತ್ತೇನೆ. ತುಕ್ಕು.

ಇಲ್ಲಿನ ಗಾಳಿಯಲ್ಲಿ ಗೇಟಿನ ಬಿಜಾಗರಿ ಎರಡು ಮಳೆಗಾಲ ಬಾಳುವುದಿಲ್ಲ. ಟವರಿನ ನಟ್ಟು, ಬೋಲ್ಟು, ತಗಡಿನ ಮಾಡು, ಹಡಗಿನ ಕಟಾಂಜನ, ಎಲ್ಲದಕ್ಕೂ ಅದೇ ಗತಿ. ಎರಡು ಲೋಹದ ನಡುವೆ ತುಕ್ಕಿನ ಪದರ ಕೂತರೆ ಆ ಜಾಗ ಒಂದು ಡಯೋಡಿನ, ಅಂದರೆ ವಿದ್ಯುತ್ತನ್ನು ಒಂದೇ ಕಡೆಗೆ ಬಿಡುವ ಬಾಗಿಲಿನ, ಹಾಗೆ ವರ್ತಿಸುತ್ತದೆ. ಇದು ಬೈಗುಳ ಅಲ್ಲ. ಜಗದೀಶ್ ಚಂದ್ರ ಬೋಸರು ಗೆಲೀನಾ ಅನ್ನುವ ಸೀಸದ ಅದಿರಿನ ತುಂಡಿಗೆ ಲೋಹದ ಮೊನೆ ತಾಗಿಸಿ ರೇಡಿಯೊ ಅಲೆ ಹಿಡಿದರು, 1904ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಅವರು ಬುದ್ಧಿವಂತಿಕೆಯಿಂದ ಮಾಡಿದ್ದನ್ನು ನಮ್ಮ ಬೋಲ್ಟು ಸೋಮಾರಿತನದಿಂದ ಮಾಡುತ್ತದೆ.

ಅದರಿಂದ ಏನಾಗುತ್ತದೆ? ಎರಡು ಸ್ಟೇಷನ್ನು ಇವೆ ಅಂದುಕೊಳ್ಳಿ, ಒಂದು 100 ಮೆಗಾಹರ್ಟ್ಸ್, ಇನ್ನೊಂದು 104. ತುಕ್ಕಿನ ಕೀಲು ಇವೆರಡನ್ನೂ ಕಲಸಿ 96ರಲ್ಲಿ ಒಂದು, 108ರಲ್ಲಿ ಒಂದು ಹೊಸ ಮರಿ ಹಾಕುತ್ತದೆ. ಆ ಎರಡು ಕಡೆ ಯಾರೂ ಟ್ರಾನ್ಸ್‌ಮಿಟರ್ ಇಟ್ಟಿಲ್ಲ. ಲೈಸೆನ್ಸ್ ಪುಸ್ತಕದಲ್ಲಿ ಹುಡುಕಿದರೆ ಹೆಸರಿಲ್ಲ. ಆದರೆ ಸಿಗ್ನಲ್ ಇದೆ. 108ರ ಮೇಲೆ ವಿಮಾನಗಳ ಬ್ಯಾಂಡು ಶುರುವಾಗುತ್ತದೆ ಅನ್ನುವುದು ನೆನಪಿರಲಿ. ಹಡಗಿನವರು ಇದನ್ನು ‘ರಸ್ಟಿ ಬೋಲ್ಟ್’ ಅಂತಲೇ ಕರೆಯುತ್ತಾರೆ. ನಾನು ಕೆಲಸದಲ್ಲಿದ್ದಾಗ ಇಂಥ ಒಂದು ಭೂತ ಹುಡುಕಲು ಮೂರು ದಿನ ಮಾಡಿನ ಮೇಲೆ ಅಲೆದಿದ್ದೆ. ಮಳೆ ಬಂದರೆ ಮಾಯ, ಬಿಸಿಲು ಬಂದರೆ ಹಾಜರು. ಕೊನೆಗೆ ಸಿಕ್ಕಿದ್ದು ಯಾವುದೋ ಕಾಲದಲ್ಲಿ ಬಿಟ್ಟುಹೋದ ಒಂದು ಜಿಐ ಪೈಪು, ಅದಕ್ಕೆ ತಾಗಿಕೊಂಡಿದ್ದ ಕಬ್ಬಿಣದ ಕ್ಲಾಂಪು. ಕಾಲಿನಿಂದ ಒದ್ದೆ. ನಿಂತಿತು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಒದೆಯುವುದನ್ನು ಕಲಿಸುವುದಿಲ್ಲ.

ಸರಿ, ಈ ಸ್ಟೀಲ್ ಡಬ್ಬಿ ನೋಡಿ. ಮನೆಯಿಂದ ತಂದದ್ದು, ಅವಲಕ್ಕಿ ಡಬ್ಬಿ. ಈ ಚಿಕ್ಕ ಟ್ರಾನ್ಸಿಸ್ಟರ್ ರೇಡಿಯೊದಲ್ಲಿ ಧಾರವಾಡ ಹಾಡುತ್ತಿದೆ. ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದೆ. ಹಾಡು ಹೋಯಿತು, ಬರೀ ಸೊರಸೊರ. ಸುತ್ತ ಲೋಹ ಇದ್ದರೆ ಅಲೆ ಒಳಗೆ ಬರುವುದಿಲ್ಲ, 1836ರಲ್ಲೇ ಫ್ಯಾರಡೆ ತೋರಿಸಿದ್ದು. ಈಗ ಅದೇ ಡಬ್ಬಿಗೆ ನನ್ನ ಮೊಬೈಲ್. ಮುಚ್ಚಳ ಹಾಕಿದೆ. ಯಾರಾದರೂ ಕಾಲ್ ಮಾಡಿ.

(ಎರಡನೇ ಸಾಲಿನ ಹುಡುಗಿ ಮಾಡಿದಳು. ಡಬ್ಬಿ ಗುಂಯ್‌ಗುಟ್ಟಿತು.)

ಯಾಕೆ? ಮುಚ್ಚಳದ ಸುತ್ತ ಕೂದಲೆಳೆಯಷ್ಟು ಸಂದಿ ಇದೆ. ಸಂದಿ ಎಷ್ಟು ತೆಳು ಅನ್ನುವುದು ಅಲೆಗೆ ಲೆಕ್ಕಕ್ಕಿಲ್ಲ, ಎಷ್ಟು ಉದ್ದ ಅನ್ನುವುದು ಲೆಕ್ಕ. ಧಾರವಾಡದ ಅಲೆಯ ಉದ್ದ ಹತ್ತಿರ ಹತ್ತಿರ 400 ಮೀಟರ್, ಅದಕ್ಕೆ ಈ ಸಂದಿ ಏನೂ ಅಲ್ಲ. 1800 ಮೆಗಾಹರ್ಟ್ಸಿನ ಮೊಬೈಲ್ ಅಲೆ ಒಂದು ಗೇಣಿಗಿಂತ ಚಿಕ್ಕದು. ಅದಕ್ಕೆ ಇದು ಹೆಬ್ಬಾಗಿಲು. ಹಾಗಾಗಿಯೇ ಮಿಲಿಟರಿ ಪೆಟ್ಟಿಗೆಗಳ ಬಾಗಿಲಿಗೆ ತಾಮ್ರದ ಬೆರಳಿನಂಥ ಸ್ಪ್ರಿಂಗುಗಳನ್ನು ಒತ್ತೊತ್ತಾಗಿ ಜೋಡಿಸಿ, ಉದ್ದ ಸಂದಿಯನ್ನು ನೂರು ತುಂಡು ಮಾಡುತ್ತಾರೆ. ಹತ್ತು ಸಣ್ಣ ತೂತು ಪರವಾಗಿಲ್ಲ, ಒಂದು ಉದ್ದ ಸೀಳು ಬೇಡ.

ಎಲ್ಲಕ್ಕಿಂತ ದೊಡ್ಡ ಡಬ್ಬಿ ಇಲ್ಲೇ ಹೊರಗಿದೆ, ಸಮುದ್ರ. ಉಪ್ಪುನೀರಿನೊಳಗೆ ಜಿಪಿಎಸ್ ಅಲೆ ಒಂದೆರಡು ಸೆಂಟಿಮೀಟರಿನಲ್ಲೇ ಸೊರಗುತ್ತದೆ. ಸಬ್‌ಮರೀನಿಗೆ ಮಾತು ಮುಟ್ಟಿಸಬೇಕಾದರೆ ಬಹಳ ಉದ್ದದ ಅಲೆ ಬೇಕು. ತಮಿಳುನಾಡಿನ ತಿರುನೆಲ್ವೇಲಿ ಹತ್ತಿರ ಐಎನ್‌ಎಸ್ ಕಟ್ಟಬೊಮ್ಮನ್ ಕೇಂದ್ರ 18.2 ಕಿಲೋಹರ್ಟ್ಸಿನಲ್ಲಿ ಅದನ್ನು ಮಾಡುತ್ತದೆ. ಅದರ ಒಂದೇ ಒಂದು ಅಲೆ ಹದಿನಾರೂವರೆ ಕಿಲೋಮೀಟರ್ ಉದ್ದ. ಎರಡು ಅಲೆ ಇಟ್ಟರೆ ಕಾರವಾರದಿಂದ ಅಂಕೋಲೆ ಮುಟ್ಟಿತು.

ಘಟ್ಟದ ಮೇಲೆ ಹೋಗೋಣ. ನಾನು ಶಿರಸಿ ಕಡೆಯವನು. 2020ರ ಲಾಕ್‌ಡೌನಿನಲ್ಲಿ ನಮ್ಮೂರ ಮಕ್ಕಳು ಕೊಡೆ ಹಿಡಿದು ಗುಡ್ಡದ ತಲೆಯಲ್ಲಿ ಕೂತು ಆನ್‌ಲೈನ್ ಕ್ಲಾಸ್ ಕೇಳಿದವರು. ನನ್ನ ದೊಡ್ಡಪ್ಪನ ಮಗನಿಗೆ ರೋಸಿಹೋಯಿತು. ಆನ್‌ಲೈನಿನಲ್ಲಿ ಒಂದು ಸಿಗ್ನಲ್ ಬೂಸ್ಟರ್ ತರಿಸಿ, ಅಡಿಕೆ ಮರದ ತುದಿಗೆ ಆಂಟೆನಾ ಕಟ್ಟಿಸಿದ. ಮರ ಹತ್ತುವ ಕೊನೆಗೌಡನಿಗೆ ಆವತ್ತು ಡಬಲ್ ಕೂಲಿ. ಮನೆಯಲ್ಲಿ ಐದೂ ಕಡ್ಡಿ! ನೆಂಟರಿಷ್ಟರೆಲ್ಲ ಬಂದು ಜಗುಲಿಯಲ್ಲಿ ಕೂತು ಫೋನ್ ಮಾಡಿದ್ದೇ ಮಾಡಿದ್ದು.

ಒಂದು ವಾರಕ್ಕೆ ಎದುರು ಗುಡ್ಡದ ಮೂರು ಕೇರಿಗಳಲ್ಲಿ ಕಾಲ್ ಕಟ್ ಆಗತೊಡಗಿತು. ಟವರಿನವರು ಮೀನಿನ ಮುಳ್ಳಿನಂಥ ಆಂಟೆನಾ ಹಿಡಿದು ಊರೂರು ಸುತ್ತಿ, ತೋಟದ ಅಂಚಿನಲ್ಲಿ ನಿಂತು ಮರದ ತುದಿ ತೋರಿಸಿದರು. ಆಗಿದ್ದಿಷ್ಟು. ಹೊರಗಿನ ಆಂಟೆನಾಕ್ಕೂ ಒಳಗಿನ ಆಂಟೆನಾಕ್ಕೂ ಸಾಕಷ್ಟು ಅಂತರ ಇರಲಿಲ್ಲ. ಒಂದರ ದನಿ ಇನ್ನೊಂದಕ್ಕೆ ಕೇಳಿ, ಅದು ಇದಕ್ಕೆ ಕೇಳಿ, ಮದುವೆ ಮನೆಯ ಮೈಕು ಕೂಯ್ ಅನ್ನುತ್ತದಲ್ಲ, ಹಾಗೆ ಹಗಲು ರಾತ್ರಿ ಕೂಗುತ್ತಿತ್ತು. ಕಾಲು ವ್ಯಾಟಿನ ಫೋನುಗಳ ದನಿ ಹಿಡಿಯಲು ಕಿವಿ ಚೂಪು ಮಾಡಿಕೊಂಡಿದ್ದ ಟವರಿನ ಕಿವಿಯಲ್ಲೇ ಆ ಕೂಗು. ಅನುಮತಿ ಇಲ್ಲದೆ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ ಕೂಡ. ಇಳಿಸಿದ. ಮೂರು ಕೇರಿಗೆ ನೆಟ್‌ವರ್ಕ್ ಬಂತು, ಅವನ ಮನೆಗೆ ಹೋಯಿತು. ಅವನನ್ನು ಬೈಯುವ ಮನಸ್ಸು ನನಗಿಲ್ಲ. ಟವರು ಎಷ್ಟು ದೂರ ಇದ್ದರೆ ಮನುಷ್ಯ ಅಡಿಕೆ ಮರ ಹತ್ತಿಸುತ್ತಾನೆ ಅಂತಲೂ ಯೋಚಿಸಬೇಕು.

ಮಿಂಚಿನ ಬಗ್ಗೆ ನಿಮಗೆ ಜಾಸ್ತಿ ಹೇಳಬೇಕಾಗಿಲ್ಲ. ಮೇ ತಿಂಗಳ ಗುಡುಗಿಗೆ ಮೋಡೆಮ್ ಕಿತ್ತಿಡುವುದು ನಮ್ಮ ಕಡೆ ಅಂಗಳದ ಅಡಿಕೆ ಒಳಗೆ ತರುವಷ್ಟೇ ರೂಢಿ. ಮಿಂಚು ಮನೆಗೇ ಹೊಡೆಯಬೇಕಾಗಿಲ್ಲ. ಅರ್ಧ ಮೈಲಿ ಆಚೆ ಹತ್ತಿಪ್ಪತ್ತು ಸಾವಿರ ಆಂಪಿಯರ್ ಇಳಿದರೂ, ಉದ್ದಕ್ಕೆ ಎಳೆದ ತಂತಿಯಲ್ಲಿ ಮೋಡೆಮ್ ಸುಡುವಷ್ಟು ವೋಲ್ಟೇಜ್ ಹುಟ್ಟುತ್ತದೆ. ಕೊಂಕಣ ರೈಲಿನ ಮೇಲಿನ 25 ಸಾವಿರ ವೋಲ್ಟಿನ ತಂತಿಯೂ ಪಕ್ಕದ ತಾಮ್ರದ ತಂತಿಗೆ ಇದೇ ಕಾಟ ಕೊಡಬಲ್ಲದು. ಗಾಜಿನ ಫೈಬರಿಗೆ ಇದರ ಹಂಗಿಲ್ಲ.

ಪ್ರಶ್ನೆ ಕೇಳಿ.

ಮೊದಲನೆಯದನ್ನು ನಾನು ಕಾಯುತ್ತಲೇ ಇದ್ದೆ: ‘ನೇವಿಯವರು ಜ್ಯಾಮರ್ ಹಾಕಿದ್ದಕ್ಕೇ ನಮಗೆ ನೆಟ್‌ವರ್ಕ್ ಇಲ್ಲ ಅಂತಾರಲ್ಲ ಸರ್?’

ಅನ್ನುವವರು ಅನ್ನುತ್ತಾರೆ. ನೀವು ಮೊದಲು ಗುಡ್ಡ ನೋಡಿ. ಈ ಕರಾವಳಿಯಲ್ಲಿ ಘಟ್ಟದ ಕಾಲು ಸಮುದ್ರಕ್ಕೇ ಬಂದು ಇಳಿದಿದೆ. ಟವರು ಗುಡ್ಡದ ಆಚೆ, ನೀವು ಈಚೆ. ಜೊತೆಗೆ ಮಳೆಗಾಲದ ಒದ್ದೆ ಕಾಡು. ಜ್ಯಾಮರಿಗೆ ಒಂದು ಲಕ್ಷಣ ಇದೆ: ಅದು ಇದ್ದರೆ ಗುಡ್ಡ ಹತ್ತಿದರೂ ಕಷ್ಟ. ನಿಮಗೆ ಗುಡ್ಡ ಹತ್ತಿದ ಕೂಡಲೇ ಕಡ್ಡಿ ಬರುತ್ತದೆ ಅಂದರೆ ಶತ್ರು ಗುಡ್ಡವೇ.

ಟವರಿನಿಂದ ಕಾಯಿಲೆ ಬರುತ್ತದಾ ಅಂತ ಒಬ್ಬರು ಅಮ್ಮ ಕೇಳಿದರು. ಭಾರತ 2012ರ ಸೆಪ್ಟೆಂಬರಿನಲ್ಲಿ ಅಂತರರಾಷ್ಟ್ರೀಯ ಮಿತಿಯನ್ನು ಹತ್ತನೇ ಒಂದಕ್ಕೆ ಇಳಿಸಿತು. 900 ಮೆಗಾಹರ್ಟ್ಸಿಗೆ ಅದು ಚದರ ಮೀಟರಿಗೆ 0.45 ವ್ಯಾಟ್. ಇನ್ನೊಂದು ಮಾತು, ಟವರು ದೂರ ಇದ್ದಷ್ಟೂ ಕಿವಿಗೆ ಹಿಡಿದ ಫೋನು ಹೆಚ್ಚು ಜೋರಾಗಿ ಕೂಗುತ್ತದೆ. ಟವರು ಬೇಡ ಅಂತ ಓಡಿಸಿದರೆ ಕೂಗುವ ಫೋನು ಕಿವಿಯ ಹತ್ತಿರವೇ ಉಳಿಯಿತು.

ಮೂರನೆಯವರು ಅದೇ ಕೀಪ್ಯಾಡ್ ಫೋನಿನ ಹಿರಿಯರು. ಬೋಟಿನವರಂತೆ. ‘ಚಳಿ ಮುಗಿದು ಸೆಕೆ ಶುರುವಾಗುವಾಗ ವೈರ್‌ಲೆಸ್ಸಿನಲ್ಲಿ ಎಲ್ಲೆಲ್ಲಿಯವರೋ ಮಾತಾಡ್ತಾರೆ. ಗುಜರಾತಿ ಕೇಳ್ತದೆ. ಅಷ್ಟು ದೂರದಿಂದ ಹೇಗೆ?’

ಈ ಪ್ರಶ್ನೆಗೆ ನಾನು ಕೈ ಮುಗಿದೆ. ಸಮುದ್ರದ ಮೇಲೆ ತಂಪಾದ ಒದ್ದೆ ಗಾಳಿ, ಅದರ ಮೇಲೆ ನೆಲದಿಂದ ಬಂದ ಒಣ ಬಿಸಿ ಗಾಳಿ ಕೂತರೆ, ಅಲೆ ಮೇಲೆ ಹೋಗದೆ ಕೆಳಕ್ಕೆ ಬಾಗುತ್ತದೆ. ನೀರಿಗೂ ಆ ಪದರಕ್ಕೂ ನಡುವೆ ಒಂದು ಓಣಿ ಆದ ಹಾಗೆ. ಅದರೊಳಗೆ ದನಿ ನೂರಾರು ಮೈಲಿ ಜಾರಿಕೊಂಡು ಹೋಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೊಂಬಾಯಿಯ 200 ಮೆಗಾಹರ್ಟ್ಸಿನ ಒಂದು ರಡಾರಿಗೆ ಇದೇ ಅರಬ್ಬೀ ಸಮುದ್ರದಾಚೆ, ಸಾವಿರ ಮೈಲಿಗೂ ಹೆಚ್ಚು ದೂರದ ಅರೇಬಿಯಾದ ನೆಲ ಕಾಣುತ್ತಿತ್ತು. ರಡಾರ್ ಕಟ್ಟಿದವರಿಗೇ ನಂಬಲಾಗಲಿಲ್ಲ.

ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು.

‘ಹಾಗಾದ್ರೆ ನಾವು ಮಾತಾಡಿದ್ದೂ ಅವರಿಗೆ ಕೇಳ್ತದಾ?’

ಕೇಳುತ್ತದೆ ಅಂದೆ.

‘ಬಂಗಡೆ ಎಲ್ಲಿ ಬಿದ್ದಿದೆ ಅಂತ ಹೇಳಿದ್ದೂ?’

ಅದೂ.

ಅವರು ಪಕ್ಕದವರ ಕಡೆ ತಿರುಗಿ ಕೊಂಕಣಿಯಲ್ಲಿ ಏನೋ ಬೈದರು. ಪಕ್ಕದವರು ನೆಲ ನೋಡಿದರು. ಬೋಟಿನಲ್ಲಿ ಮೈಕು ಹಿಡಿಯುವವರು ಅವರೇ ಅಂತ ಆಮೇಲೆ ಗೊತ್ತಾಯಿತು.